ಹದಿನೇಳು ನಿಮಿಷ ರಾಕೆಟ್ಟಿನದು, ಮಿಕ್ಕ ದಾರಿ ಹಾಸನದ್ದು

ಉಡಾವಣೆಯ ನೇರಪ್ರಸಾರ ನೋಡುವವರು, ರಾಕೆಟ್ಟು ಉಪಗ್ರಹವನ್ನು ಬಿಟ್ಟುಕೊಟ್ಟು ನಿಯಂತ್ರಣ ಕೊಠಡಿಯಲ್ಲಿ ಚಪ್ಪಾಳೆ ಬಿದ್ದ ಕೂಡಲೇ ಎದ್ದು ಹೋಗುತ್ತಾರೆ. ಭೂಸ್ಥಿರ ಕಕ್ಷೆಗೆ, ಅಂದರೆ ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ ದಾರಿಗೆ, ಹೊರಟ ಸಂಪರ್ಕ ಉಪಗ್ರಹದ ಮಟ್ಟಿಗೆ ಅದು ಬಸ್ಸು ಸ್ಟ್ಯಾಂಡು ಬಿಟ್ಟ ಗಳಿಗೆ, ಅಷ್ಟೇ. ತಲುಪಬೇಕಾದ ಊರು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿದೆ. ರಾಕೆಟ್ಟು ಬಿಟ್ಟುಹೋದ ಜಾಗದಿಂದ ಅಲ್ಲಿಗೆ ಉಪಗ್ರಹ ತನ್ನದೇ ಎಂಜಿನ್ನಿನಲ್ಲಿ, ತನ್ನದೇ ಬುತ್ತಿಯಲ್ಲಿ ಹೋಗಬೇಕು. ದಾರಿ ಹೇಳುವವರು ಹಾಸನದ ಸಾಲಗಾಮೆ ರಸ್ತೆಯ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ ಕೂತವರು.

ಈ ಕಥನಕ್ಕೆ ಆರಿಸಿಕೊಂಡ ಪ್ರಯಾಣಿಕ ಜಿಸ್ಯಾಟ್-29. ಹೊರಟದ್ದು 2018ರ ನವೆಂಬರ್ 14ರಂದು. ಹೊರಡುವಾಗಿನ ತೂಕ 3,423 ಕೆಜಿ, ವಾಹನ ಜಿಎಸ್‌ಎಲ್‌ವಿ ಮಾರ್ಕ್ 3ರ ಎರಡನೇ ಅಭಿವೃದ್ಧಿ ಹಾರಾಟ, ತಲುಪಬೇಕಾದ ತಾಣ 55 ಡಿಗ್ರಿ ಪೂರ್ವ ರೇಖಾಂಶ. ಜಮ್ಮು ಮತ್ತು ಕಾಶ್ಮೀರ, ಈಶಾನ್ಯ ರಾಜ್ಯಗಳಂಥ ದೂರದ ಪ್ರದೇಶಗಳಿಗೆ ಕೆಯು ಮತ್ತು ಕೆಎ ಎಂಬ ರೇಡಿಯೊ ತರಂಗಗಳ ಬ್ಯಾಂಡಿನಲ್ಲಿ ಸಂಪರ್ಕ ಕೊಡುವುದು ಇದರ ಕೆಲಸ. ಜೊತೆಗೆ ಕ್ಯು/ವಿ ಬ್ಯಾಂಡ್ ಉಪಕರಣ, ಬೆಳಕಿನ ಮೂಲಕ ಸಂಪರ್ಕ ಸಾಧಿಸುವ ಪ್ರಯೋಗ, ಒಂದು ಕ್ಯಾಮೆರಾ. ಇಂಥ ಪ್ರಯಾಣಗಳೆಲ್ಲ ಸುಮಾರಾಗಿ ಒಂದೇ ಥರ ಸಾಗುತ್ತವೆ. ಒಂದನ್ನು ಅರ್ಥ ಮಾಡಿಕೊಂಡರೆ ಉಳಿದವು ಸಲೀಸು.

ಹೊರಡುವ ಮುನ್ನ: ಬೆಂಗಳೂರಿನಿಂದ ಪುಲಿಕಾಟ್ ದಾಟಿ

ಉಪಗ್ರಹದ ತವರು ಬೆಂಗಳೂರು. ವಿಮಾನಪುರದ ಯು.ಆರ್. ರಾವ್ ಉಪಗ್ರಹ ಕೇಂದ್ರ ಮತ್ತು ಮಾರತ್‌ಹಳ್ಳಿಯ ಜೋಡಣಾ-ಪರೀಕ್ಷಾ ಕೇಂದ್ರದಲ್ಲಿ ಇದು ಆಕಾರ ಪಡೆಯುತ್ತದೆ. ಸಂಪರ್ಕದ ಉಪಕರಣಗಳು ಅಹಮದಾಬಾದಿನಿಂದ, ಜಡತ್ವದ ಚಕ್ರಗಳು ಮತ್ತು ತಿರುಗುವಿಕೆ ಅಳೆಯುವ ಗೈರೋಗಳು ತಿರುವನಂತಪುರದಿಂದ, ಸೂರ್ಯ-ನಕ್ಷತ್ರ ನೋಡುವ ಸಂವೇದಕಗಳು ಪೀಣ್ಯದಿಂದ ಬರುತ್ತವೆ. ಎಲ್ಲವನ್ನೂ ಕೂಡಿಸಿದ ಮೇಲೆ ಪರೀಕ್ಷೆಗಳ ಸರದಿ. ನಿರ್ವಾತ ಕೋಣೆಯಲ್ಲಿ ಬಿಸಿ-ತಂಪು ತಾಳಿಸುತ್ತಾರೆ, ಕಂಪನದ ಮೇಜಿನ ಮೇಲೆ ಅಲುಗಿಸುತ್ತಾರೆ, ರಾಕೆಟ್ಟಿನ ಆರ್ಭಟವನ್ನು ಹೋಲುವ ಶಬ್ದದ ಕೋಣೆಯಲ್ಲಿ ನಿಲ್ಲಿಸುತ್ತಾರೆ, ಕೊನೆಗೆ ಆಂಟೆನಾ ಎತ್ತ ಎಷ್ಟು ಬೀರುತ್ತದೆ ಎಂದು ಅಳೆಯುತ್ತಾರೆ. ಈ ಕೊನೆಯ ಪರೀಕ್ಷೆಗೆ ಈಗ ವಿಶೇಷ ಕೋಣೆಯೇ ಇದೆ. 1981ರ ಆ್ಯಪಲ್ ಉಪಗ್ರಹದ ಕಾಲಕ್ಕೆ ಅದಿರಲಿಲ್ಲ. ಲೋಹದ ಗಾಡಿ ಅಳತೆಯನ್ನು ಕೆಡಿಸುತ್ತದೆಂದು ಆ್ಯಪಲನ್ನು ಎತ್ತಿನಗಾಡಿಯ ಮೇಲೆ ಇಟ್ಟು ಪರೀಕ್ಷಿಸಿದರು. ಆ ಫೋಟೋವನ್ನು ಬಡತನದ ಗುರುತು ಎಂಬಂತೆ ತೋರಿಸುವವರಿದ್ದಾರೆ. ಮರದ ಗಾಡಿ ಆ ಕೆಲಸಕ್ಕೆ ಸರಿಯಾದ ಸಲಕರಣೆಯಾಗಿತ್ತು, ವಿಷಯ ಅಷ್ಟೇ.

ಬೆಂಗಳೂರಿನಿಂದ ಶ್ರೀಹರಿಕೋಟಕ್ಕೆ ರಸ್ತೆ ಪ್ರಯಾಣ. ಧೂಳು, ತೇವ, ಉಷ್ಣತೆ ಮೂರನ್ನೂ ಹಿಡಿತದಲ್ಲಿಡುವ ಪೆಟ್ಟಿಗೆಯೊಳಗೆ ಕೂತು, ಅಲುಗಾಟ ಅಳೆಯುವ ಸಾಧನಗಳ ಜೊತೆ, ಬೆಂಗಾವಲಿನಲ್ಲಿ ನಿಧಾನಕ್ಕೆ ಹೋಗುತ್ತದೆ. ಸೂಳೂರುಪೇಟೆ ದಾಟಿದ ಮೇಲೆ ರಸ್ತೆ ಪುಲಿಕಾಟ್ ಸರೋವರದ ನಡುವೆಯೇ ಹಾಯುತ್ತದೆ. ಚಳಿಗಾಲವಾದರೆ ಎರಡೂ ಬದಿ ರಾಜಹಂಸಗಳು.

ದ್ವೀಪ ತಲುಪಿದ ಮೇಲೆ ಮಾಡುವ ಅತಿ ಅಪಾಯದ ಕೆಲಸ ಬುತ್ತಿ ಕಟ್ಟುವುದು. ಉಪಗ್ರಹದ ಟ್ಯಾಂಕುಗಳಿಗೆ ಎರಡು ದ್ರವ ತುಂಬಬೇಕು: ಇಂಧನವಾಗಿ ಮಾನೋಮೀಥೈಲ್ ಹೈಡ್ರಜೀನ್, ಅದು ಉರಿಯಲು ಆಮ್ಲಜನಕ ಕೊಡುವ ಉತ್ಕರ್ಷಕವಾಗಿ ಸ್ವಲ್ಪ ನೈಟ್ರಿಕ್ ಆಕ್ಸೈಡ್ ಬೆರೆಸಿದ ನೈಟ್ರೋಜನ್ ಟೆಟ್ರಾಕ್ಸೈಡ್. ಎರಡೂ ವಿಷ. ಒಂದಕ್ಕೊಂದು ತಾಗಿದರೆ ಕಿಡಿ ಬೇಡ, ತಾವೇ ಹೊತ್ತಿಕೊಳ್ಳುತ್ತವೆ. ಆ ಗುಣಕ್ಕಾಗಿಯೇ ಇವನ್ನು ಆರಿಸುವುದು, ಏಕೆಂದರೆ ಎಷ್ಟು ಸಲ ಬೇಕಾದರೂ ಹಚ್ಚಿ ಆರಿಸಬಹುದು. ತುಂಬುವವರು ಮೈತುಂಬ ಮುಚ್ಚಿದ, ಹೊರಗಿನಿಂದ ಗಾಳಿ ಬರುವ ಉಡುಪು ತೊಟ್ಟಿರುತ್ತಾರೆ. ಒಂದು ದ್ರವ ತುಂಬುವ ದಿನ ಇನ್ನೊಂದರ ಹತ್ತಿರ ಸುಳಿಯುವುದಿಲ್ಲ. ಪ್ರತಿ ಕೆಜಿಯನ್ನೂ ತೂಗಿ ತುಂಬುತ್ತಾರೆ, ಏಕೆಂದರೆ ಉಪಗ್ರಹದ ಆಯಸ್ಸನ್ನು ನಿಕ್ಕಿ ಮಾಡುವುದು ಸಾಮಾನ್ಯವಾಗಿ ಇದೇ. ಸಂಕೇತ ಪಡೆದು ಮರಳಿ ಬೀರುವ ಟ್ರಾನ್ಸ್‌ಪಾಂಡರ್ ಗಟ್ಟಿಮುಟ್ಟಾಗಿದ್ದರೂ ಬುತ್ತಿ ಖಾಲಿಯಾದ ದಿನ ಕೆಲಸ ಮುಗಿಯಿತು.

ಮೊದಲ ದಿನ: ನವೆಂಬರ್ 14, ಬುಧವಾರ, ಸಂಜೆ 5.08

ಬಂಗಾಳ ಕೊಲ್ಲಿಯಲ್ಲಿ ಆಗ ಗಜ ಚಂಡಮಾರುತ ಎದ್ದಿತ್ತು. ಉಡಾವಣೆ ಮುಂದೂಡಬೇಕಾದೀತೇ ಎಂಬ ಅನುಮಾನ ಕೊನೆಯವರೆಗೂ ಇತ್ತು. ಚಂಡಮಾರುತ ದಕ್ಷಿಣಕ್ಕೆ ಸರಿದು ಎರಡು ದಿನದ ನಂತರ ನಾಗಪಟ್ಟಣಂ-ವೇದಾರಣ್ಯಂ ನಡುವೆ ದಡ ಹತ್ತಿತು. ಶ್ರೀಹರಿಕೋಟದ ಎರಡನೇ ಉಡಾವಣಾ ವೇದಿಕೆಯಿಂದ ವಾಹನ ಹೇಳಿದ ಹೊತ್ತಿಗೆ ಮೇಲೆದ್ದಿತು.

ವಾಹನದ ಎತ್ತರ ಸುಮಾರು 43 ಮೀಟರ್, ತೂಕ 640 ಟನ್. ಮೊದಲು ಹೊತ್ತುವುದು ಪಕ್ಕದ ಎರಡು ಎಸ್200 ಬೂಸ್ಟರುಗಳು. ಒಂದೊಂದರಲ್ಲೂ 200 ಟನ್ನಿಗೂ ಹೆಚ್ಚು ಘನ ಇಂಧನ. ಘನ ಇಂಧನವನ್ನು ಒಮ್ಮೆ ಹಚ್ಚಿದರೆ ಆರಿಸಲು ಬರುವುದಿಲ್ಲ. ಎರಡೂ ಒಂದೇ ಕ್ಷಣಕ್ಕೆ ಹೊತ್ತಬೇಕು, ಒಂದೇ ಹದದಲ್ಲಿ ಉರಿಯಬೇಕು. ಕೊನೆಯಲ್ಲಿ ಒಂದು ಮೊದಲು ಸೊರಗಿದರೆ ವಾಹನ ಪಕ್ಕಕ್ಕೆ ವಾಲುತ್ತದೆ. ಅದನ್ನು ತಿದ್ದಲು ಬೆಂಕಿ ಕಾರುವ ಬಾಯಿಗಳು, ಅಂದರೆ ನಾಜಲ್‌ಗಳು, ಅತ್ತಿತ್ತ ಬಾಗುವಂತಿರುತ್ತವೆ. ಹೊರಟ ಎರಡು ನಿಮಿಷದೊಳಗೆ, ಬೂಸ್ಟರುಗಳು ಇನ್ನೂ ಉರಿಯುತ್ತಿರುವಾಗಲೇ, ನಡುವಿನ ಎಲ್110 ಹಂತದ ಜೋಡಿ ವಿಕಾಸ್ ಎಂಜಿನ್ನುಗಳು ಗಾಳಿಯಲ್ಲೇ ಹೊತ್ತುತ್ತವೆ. ಬಳಿಕ ಬೂಸ್ಟರುಗಳು ಕಳಚಿ ಬೀಳುತ್ತವೆ. ಗಾಳಿ ತೀರ ತೆಳುವಾದ ಮೇಲೆ ಮೇಲಿನ 5 ಮೀಟರ್ ಅಗಲದ ಟೋಪಿ ಇಬ್ಭಾಗವಾಗಿ ಹೋಗುತ್ತದೆ. ಇನ್ನು ಅದನ್ನು ಹೊತ್ತು ತಿರುಗುವುದು ದಂಡ. ಆಮೇಲೆ ಎಲ್110 ಕೂಡ ಕಳಚುತ್ತದೆ. ಕೊನೆಯದು ಸಿ25, ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್ ಮತ್ತು ಮೈನಸ್ 183ರ ದ್ರವ ಆಮ್ಲಜನಕ ಕುಡಿಯುವ ಕ್ರಯೋಜೆನಿಕ್ ಹಂತ. ಹಾರಾಟದ ಅರ್ಧಕ್ಕಿಂತ ಹೆಚ್ಚು ಹೊತ್ತು ದುಡಿಯುವುದು ಇದೇ.

ಹದಿನೇಳನೇ ನಿಮಿಷದ ಹೊತ್ತಿಗೆ ಸಿ25 ನಿಲ್ಲುತ್ತದೆ. ಹಿಡಿದ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಸ್ಪ್ರಿಂಗುಗಳು ಉಪಗ್ರಹವನ್ನು ಮೆಲ್ಲಗೆ ದೂಡುತ್ತವೆ. ಈಗ ಇದು ಇರುವುದು ವರ್ಗಾವಣಾ ಕಕ್ಷೆಯಲ್ಲಿ. ಯೋಜಿಸಿದ ಅಳತೆ: ಭೂಮಿಗೆ ಹತ್ತಿರವಾದಾಗ 190 ಕಿ.ಮೀ., ದೂರವಾದಾಗ 35,975 ಕಿ.ಮೀ., ಸಮಭಾಜಕಕ್ಕೆ 21.5 ಡಿಗ್ರಿ ಓರೆ. ಮೊಟ್ಟೆಯಾಕಾರದ ಈ ದಾರಿಯಲ್ಲಿ ಒಂದು ಸುತ್ತಿಗೆ ಹತ್ತೂವರೆ ಗಂಟೆ. ತಳದಲ್ಲಿ ಸೆಕೆಂಡಿಗೆ 10 ಕಿ.ಮೀ.ಗೂ ಮೀರಿದ ಓಟ, ತುದಿಗೆ ಹೋಗುವಷ್ಟರಲ್ಲಿ ಸುಸ್ತಾಗಿ ಬರೀ 1.6 ಕಿ.ಮೀ.

ಆ 21.5 ಡಿಗ್ರಿ ಓರೆಯ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಅದು ಈ ಪ್ರಯಾಣದ ಅತಿ ದುಬಾರಿ ಸುಂಕ. ಶ್ರೀಹರಿಕೋಟ ಇರುವುದು ಸುಮಾರು 13.7 ಡಿಗ್ರಿ ಉತ್ತರದಲ್ಲಿ. ನೇರ ಪೂರ್ವಕ್ಕೆ ಹಾರಿಸಿದರೂ ಅಷ್ಟು ಓರೆ ತಪ್ಪದು. ಕೆಳಗಿನ ನೆಲದ ಸುರಕ್ಷತೆಗಾಗಿ ತುಸು ಆಗ್ನೇಯಕ್ಕೆ ಹಾರಿಸುವುದರಿಂದ ಓರೆ ಇನ್ನೂ ಏರುತ್ತದೆ. ಫ್ರೆಂಚ್ ಗಯಾನಾದ ಉಡಾವಣಾ ಕೇಂದ್ರ ಕೌರು ಇರುವುದು 5 ಡಿಗ್ರಿಯ ಆಸುಪಾಸಿನಲ್ಲಿ. ಲೆಕ್ಕ ಹಾಕಿ ನೋಡಿ. 21.5 ಡಿಗ್ರಿ ಓರೆಯಿಂದ ಭೂಸ್ಥಿರ ಕಕ್ಷೆಗೆ ಹೋಗಲು ಸೆಕೆಂಡಿಗೆ ಸುಮಾರು 1,700 ಮೀಟರ್ ವೇಗ ಕೂಡಿಸಬೇಕು. ಓರೆ 6 ಡಿಗ್ರಿ ಇದ್ದರೆ ಸುಮಾರು 1,500 ಸಾಕು. ವ್ಯತ್ಯಾಸದ 200 ಮೀಟರನ್ನು ಈ ತೂಕದ ಉಪಗ್ರಹದ ಬುತ್ತಿಗೆ ಇಳಿಸಿದರೆ 130 ಕೆಜಿ. ತಾಣ ಸೇರಿದ ಮೇಲೆ ಸೂರ್ಯ-ಚಂದ್ರರು ಕಕ್ಷೆಯನ್ನು ಓರೆ ಮಾಡುವುದನ್ನು ತಿದ್ದಲು ವರ್ಷಕ್ಕೆ ಬೇಕಾಗುವುದು ಸೆಕೆಂಡಿಗೆ ಸುಮಾರು 50 ಮೀಟರ್. ಅಂದರೆ ನಮ್ಮ ಅಕ್ಷಾಂಶ ನಾಲ್ಕು ವರ್ಷದ ಬುತ್ತಿಯನ್ನು ಮೊದಲ ವಾರದಲ್ಲೇ ಕಿತ್ತುಕೊಳ್ಳುತ್ತದೆ. ಭಾರದ ಉಪಗ್ರಹಗಳನ್ನು ಎಷ್ಟೋ ವರ್ಷ ಕೌರುವಿನಿಂದ ಕಳಿಸಿದ್ದಕ್ಕೆ ನಮ್ಮ ರಾಕೆಟ್ಟಿನ ಶಕ್ತಿ ಸಾಲದಿದ್ದದ್ದೇ ಮುಖ್ಯ ಕಾರಣ, ನಿಜ. ಆದರೆ ಅಲ್ಲಿಂದ ಹೋದರೆ ಈ ಸುಂಕವೂ ಉಳಿಯುತ್ತಿತ್ತು.

ಅದೇ ರಾತ್ರಿ: ಮೊದಲ ಶಿಖರ, ಕೈಕಟ್ಟಿ ಕೂರುವ ಸರದಿ

ಬೇರ್ಪಟ್ಟ ಕ್ಷಣದಲ್ಲಿ ಉಪಗ್ರಹ ಕೊಲ್ಲಿ ದಾಟಿ ಪೂರ್ವಕ್ಕೆ ಸಾವಿರಾರು ಕಿ.ಮೀ. ಹೋಗಿರುತ್ತದೆ. ಎತ್ತರ ಕಡಿಮೆ, ಹಾಗಾಗಿ ಹಾಸನದ ಡಿಶ್‌ಗಳಿಗೆ ಕಾಣುವುದಿಲ್ಲ. ಮೊದಲ ಸುದ್ದಿ ಬೇರೆ ಕಡೆಯ ನೆಲೆಗಳ ಮೂಲಕ ಬರುತ್ತದೆ. ಬೇರ್ಪಟ್ಟಿತೆಂದು ಉಪಗ್ರಹಕ್ಕೆ ತಿಳಿಸುವುದು ತಳದಲ್ಲಿರುವ ಪುಟ್ಟ ಸ್ವಿಚ್ಚುಗಳು, ಫ್ರಿಜ್ ಬಾಗಿಲು ತೆರೆದರೆ ದೀಪ ಹತ್ತಿಸುವ ಸ್ವಿಚ್ಚಿನ ಹಾಗೆ. ಅಲ್ಲಿಂದ ಒಳಗಿನ ಕಂಪ್ಯೂಟರು ಮೊದಲೇ ಬರೆದಿಟ್ಟ ಪಟ್ಟಿ ಹಿಡಿದು ನಡೆಯುತ್ತದೆ. ಮಡಚಿದ ಸೌರಫಲಕಗಳು ಬಿಚ್ಚಿಕೊಳ್ಳಬೇಕು, ಮುಖ ಸೂರ್ಯನತ್ತ ತಿರುಗಬೇಕು, ಬ್ಯಾಟರಿ ತುಂಬಲು ಶುರುವಾಗಬೇಕು. ಬ್ಯಾಟರಿ ಮುಗಿಯುವುದರೊಳಗೆ ಫಲಕಕ್ಕೆ ಬಿಸಿಲು ತಾಗದಿದ್ದರೆ ಉಳಿದ ಯೋಜನೆ ಕಾಗದದ ಮೇಲಷ್ಟೇ ಉಳಿಯುತ್ತದೆ.

ಫಲಕ ಬಿಚ್ಚುವ ಕೆಲಸ ಕೇಳಲು ಸಣ್ಣದು. ಮಡಿಕೆಗಳನ್ನು ಹಿಡಿದಿಟ್ಟ ಬಿಗಿಗಳನ್ನು ಕತ್ತರಿಸಬೇಕು, ಕೀಲುಗಳ ಸ್ಪ್ರಿಂಗು ತಳ್ಳಬೇಕು, ಕೊನೆಯಲ್ಲಿ ಕೊಂಡಿ ಬೀಳಬೇಕು. ಆದರೆ ಆ್ಯಪಲ್‌ನ ಎರಡು ಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಅರ್ಧ ವಿದ್ಯುತ್ತಿನಲ್ಲಿ ಅದು ಎರಡು ವರ್ಷಕ್ಕೂ ಹೆಚ್ಚು ದುಡಿಯಿತು. 1982ರ ಇನ್ಸಾಟ್-1ಎಗೆ ಬಿಚ್ಚಿಕೊಳ್ಳುವ ತೊಡಕುಗಳ ಜೊತೆ ಬೇರೆ ಕಷ್ಟಗಳೂ ಸೇರಿದವು. ಏಪ್ರಿಲ್‌ನಲ್ಲಿ ಹೊರಟದ್ದು ಸೆಪ್ಟೆಂಬರ್‌ನಲ್ಲಿ ಬುತ್ತಿ ಬರಿದಾಗಿ ಕೈತಪ್ಪಿತು. ಹಾಸನದ ಕೇಂದ್ರ ಆರಂಭವಾದದ್ದೂ ಅದೇ ವರ್ಷ. ಮೊದಲ ಪಾಠವೇ ಕಠಿಣದ್ದು ಸಿಕ್ಕಿತು.

ರಾತ್ರಿ ಹತ್ತೂವರೆ ದಾಟಿದ ಮೇಲೆ ಉಪಗ್ರಹ ಮೊದಲ ಸಲ ತುದಿ ಮುಟ್ಟುತ್ತದೆ. ಎಂಜಿನ್ ಹಚ್ಚಲು ತಕ್ಕ ಜಾಗ. ಆದರೆ ಹಚ್ಚುವುದಿಲ್ಲ. ಉಪಗ್ರಹ ತುದಿಗೇರುವ ಐದು ಗಂಟೆಯಲ್ಲಿ ಕೆಳಗೆ ಭೂಮಿಯೂ ತಿರುಗಿರುತ್ತದೆ, ಹಾಗಾಗಿ ಈ ಮೊದಲ ಶಿಖರ ಬರುವುದು ಪೆಸಿಫಿಕ್ ಸಾಗರದ ಮೇಲೆ, ಹಾಸನದ ದಿಗಂತದ ಆಚೆ. ಎರಡನೇ ಶಿಖರ ಮರುದಿನ ಬೆಳಿಗ್ಗೆ ಒಂಬತ್ತೂಕಾಲರ ಸುಮಾರಿಗೆ, ಭಾರತದ ರೇಖಾಂಶಗಳ ಹತ್ತಿರ. ನಡುವೆ ಸಿಕ್ಕಿದ ಹತ್ತೂವರೆ ಗಂಟೆಯೂ ದಂಡವಲ್ಲ. ರಾಕೆಟ್ಟು ನಿಜಕ್ಕೂ ಎಲ್ಲಿ ಬಿಟ್ಟಿದೆ ಎಂದು ಅಳೆಯಲು ಅದು ಬೇಕು. ನೆಲದಿಂದ ಕಳಿಸಿದ ರೇಡಿಯೊ ಸಂಕೇತ ಉಪಗ್ರಹಕ್ಕೆ ತಾಗಿ ಮರಳಲು ಹಿಡಿದ ಹೊತ್ತಿನಿಂದ ದೂರ ಸಿಗುತ್ತದೆ, ತರಂಗಾಂತರದ ಸರಿತದಿಂದ ವೇಗ ಸಿಗುತ್ತದೆ. ಇಂಥ ಅಳತೆಗಳನ್ನು ಗಂಟೆಗಟ್ಟಲೆ ಪೋಣಿಸಿದರೆ ಕಕ್ಷೆ ಗೊತ್ತಾಗುತ್ತದೆ. ಹತ್ತು ನಿಮಿಷದ ಅಳತೆಯನ್ನೇ ನಂಬಿ ಎಂಜಿನ್ ಹಚ್ಚಿದರೆ ತಪ್ಪು ಜಾಗದಲ್ಲಿ ಸರಿಯಾಗಿ ಉರಿಸಿದಂತಾಗುತ್ತದೆ.

ಎರಡನೇ ದಿನ: ನವೆಂಬರ್ 15, ಬೆಳಿಗ್ಗೆ 8.34

ಪ್ರಯಾಣದ ಜೀವಾಳ ಇದು. ಉಪಗ್ರಹದ ದೊಡ್ಡ ಎಂಜಿನ್ನಿಗೆ ದ್ರವ ಅಪೋಜಿ ಮೋಟಾರು ಎಂದು ಹೆಸರು, ಅಪೋಜಿ ಎಂದರೆ ಕಕ್ಷೆಯ ತುದಿ. ಬಳಸುವವರ ಬಾಯಲ್ಲಿ ಬರೀ ‘ಲ್ಯಾಮ್’. ಹೆಸರು ದೊಡ್ಡದು, ತಳ್ಳುವ ಬಲ 440 ನ್ಯೂಟನ್. ಒಂದು ಯೂರಿಯಾ ಮೂಟೆ, 45 ಕೆಜಿಯದು, ಬೆನ್ನ ಮೇಲೆ ಒತ್ತುವಷ್ಟು. ಇಷ್ಟು ಬಲ ಮೂರೂವರೆ ಟನ್ನಿನ ವಸ್ತುವನ್ನು ತಳ್ಳಿದರೆ ಗಂಟೆಗೆ 60 ಕಿ.ಮೀ. ವೇಗ ಕೂಡಿಸಲು ಎರಡು ನಿಮಿಷ ಬೇಕು. ಮುದಿ ಆಟೋಗೂ ಇದಕ್ಕಿಂತ ಚೆನ್ನಾದ ಪಿಕಪ್ ಇದೆ. ಆದರೆ ಅಲ್ಲಿ ಗಾಳಿ ಇಲ್ಲ, ಘರ್ಷಣೆ ಇಲ್ಲ, ಕೂಡಿದ್ದು ಕೂಡಿಯೇ ಇರುತ್ತದೆ. ಹಾಗಾಗಿ ಆತುರವಿಲ್ಲದೆ ಒಂದು ಗಂಟೆಗೂ ಮೀರಿ ಉರಿಸುತ್ತಾರೆ.

ಹಚ್ಚುವ ಮುಂಚಿನ ಸಿದ್ಧತೆಗೆ ಕ್ರಮವಿದೆ, ಅದು ತಪ್ಪಬಾರದು. ಹೊರಡುವಾಗ ಸುರಕ್ಷತೆಗೆಂದು ಟ್ಯಾಂಕು, ಕೊಳವೆ, ಎಂಜಿನ್ನುಗಳ ನಡುವೆ ಬಂದ್ ಮಾಡಿಟ್ಟ ಕವಾಟಗಳಿರುತ್ತವೆ. ಅವುಗಳಲ್ಲಿ ಕೆಲವು ಒಂದೇ ಸಲ ಕೆಲಸ ಮಾಡುವಂಥವು: ಒಳಗೆ ಪುಟ್ಟ ಸಿಡಿಮದ್ದು, ವಿದ್ಯುತ್ ಕೊಟ್ಟರೆ ಸಿಡಿದು ದಾರಿ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಮೊದಲು ಕೊಳವೆಗಳನ್ನು ಬರಿದು ಮಾಡಿ ದ್ರವವನ್ನು ಹದವಾಗಿ ಹರಿಸಬೇಕು. ಖಾಲಿ ಕೊಳವೆಗೆ ಒಮ್ಮೆಲೇ ನುಗ್ಗಿದ ದ್ರವ ಕೊನೆಯಲ್ಲಿ ಸುತ್ತಿಗೆಯ ಹಾಗೆ ಬಡಿಯುತ್ತದೆ. ಆಮೇಲೆ ಹೀಲಿಯಂ ಅನಿಲವನ್ನು ಒತ್ತಡ ತಗ್ಗಿಸಿ ಟ್ಯಾಂಕುಗಳಿಗೆ ಬಿಡಬೇಕು. ಪಂಪು ಇಲ್ಲದ ಎಂಜಿನ್ನಿಗೆ ದ್ರವವನ್ನು ದೂಡುವುದು ಈ ಹೀಲಿಯಮ್ಮೇ. ಕವಾಟಗಳ ಹೀಟರು ಹಾಕಬೇಕು, ಗೈರೋಗಳನ್ನು ಮೊದಲೇ ಚಾಲೂ ಮಾಡಿ ಅವು ಎಷ್ಟು ಜಾರುತ್ತವೆ ಎಂದು ಅಳೆದಿಡಬೇಕು. ಕಾಲು ಡಿಗ್ರಿ ದಿಕ್ಕು ತಪ್ಪಿದರೂ ಗಂಟೆಗಟ್ಟಲೆ ಉರಿಸಿದ ಕೊನೆಗೆ ಅದರ ಪರಿಣಾಮ ಕಕ್ಷೆಯ ಅಳತೆಯಲ್ಲಿ ಕಾಣುತ್ತದೆ.

ಕವಾಟ ಎಂದರೆ ಚಿಲ್ಲರೆ ಬಿಡಿಭಾಗ ಎಂದುಕೊಳ್ಳುವವರಿಗೆ 2025ರ ಜನವರಿಯಲ್ಲಿ ಹೊರಟ ಪಥದರ್ಶಕ ಉಪಗ್ರಹ ಎನ್‌ವಿಎಸ್-02ರ ಉದಾಹರಣೆ ಸಾಕು. ರಾಕೆಟ್ಟು ತನ್ನ ಪಾಲಿನದನ್ನು ಸರಿಯಾಗಿ ಮುಗಿಸಿತ್ತು, ಸೌರಫಲಕಗಳು ಬಿಚ್ಚಿಕೊಂಡಿದ್ದವು. ಉತ್ಕರ್ಷಕವನ್ನು ಎಂಜಿನ್ನಿಗೆ ಬಿಡಬೇಕಾದ ಕವಾಟಗಳು ತೆರೆಯಲಿಲ್ಲ. ಉಪಗ್ರಹ ಮೊಟ್ಟೆಯಾಕಾರದ ದಾರಿಯಲ್ಲೇ ಉಳಿದುಕೊಂಡಿತು.

ಉರಿಸುವ ದಿಕ್ಕಿನಲ್ಲೂ ಒಂದು ಜಾಣ್ಮೆ ಇದೆ. ಎರಡು ಕೆಲಸ ಆಗಬೇಕು: ತಳದ 190 ಕಿ.ಮೀ.ಯನ್ನು ಮೇಲೆತ್ತುವುದು, ಓರೆಯನ್ನು ನೆಟ್ಟಗೆ ಮಾಡುವುದು. ಓರೆ ತಿದ್ದುವುದೆಂದರೆ ಓಡುತ್ತಿರುವ ದಿಕ್ಕನ್ನೇ ತಿರುಗಿಸುವುದು. ವೇಗ ಹೆಚ್ಚಿದ್ದಷ್ಟೂ ಅದು ತುಟ್ಟಿ. ತಿರುವಿನಲ್ಲಿ ಬಸ್ಸು ನಿಧಾನವಾಗುವ ಹಾಗೆ, ಉಪಗ್ರಹವೂ ತೀರ ನಿಧಾನವಾಗಿರುವ ತುದಿಯಲ್ಲೇ ತಿರುಗಿಸಬೇಕು. ಎರಡನ್ನೂ ಬಿಡಿಬಿಡಿಯಾಗಿ, ಮೊದಲು ಎತ್ತಿ ಆಮೇಲೆ ತಿರುಗಿಸಿದರೆ ಸೆಕೆಂಡಿಗೆ 2,600 ಮೀಟರ್‌ಗೂ ಹೆಚ್ಚು ಖರ್ಚು. ಎಂಜಿನ್ನನ್ನು ಓರೆಯಾಗಿ ನಿಲ್ಲಿಸಿ ಪ್ರತಿ ಉರಿತದಲ್ಲೂ ಎರಡನ್ನೂ ಒಟ್ಟಿಗೆ ಸಾಧಿಸಿದರೆ ಮೇಲೆ ಹೇಳಿದ 1,700. ಇದಕ್ಕಾಗಿ ಶಿಖರವೂ ಸಮಭಾಜಕವನ್ನು ದಾಟುವ ಜಾಗವೂ ಒಂದೇ ಕಡೆ ಬೀಳುವಂತೆ ರಾಕೆಟ್ಟಿನ ದಾರಿಯನ್ನೇ ಹೊಂದಿಸಿರುತ್ತಾರೆ.

ಬೆಳಿಗ್ಗೆ 8.34ಕ್ಕೆ ಹಚ್ಚಿದ ಲ್ಯಾಮ್ 4,875 ಸೆಕೆಂಡು, ಅಂದರೆ ಒಂದು ಗಂಟೆ 21 ನಿಮಿಷ ಉರಿಯಿತು. ಒಂಬತ್ತೂಕಾಲರ ಶಿಖರಕ್ಕೆ ನಲವತ್ತು ನಿಮಿಷ ಮೊದಲು ಶುರು, ನಲವತ್ತು ನಿಮಿಷ ನಂತರ ಅಂತ್ಯ. ಈ ಹೊತ್ತಿನಲ್ಲಿ ಹಾಸನದ ಪರದೆಯ ಮೇಲೆ ಕಾಣುವುದು ಕೆಲವು ಗೆರೆಗಳು: ಟ್ಯಾಂಕಿನ ಒತ್ತಡ, ಎಂಜಿನ್ನಿನ ಬಿಸಿ, ವಾಲುವಿಕೆ, ವೇಗದ ಸರಿತ. ವೇಗದ ಗೆರೆ ಹೇಳಿದ ಓರೆಯಲ್ಲೇ ಏರುತ್ತಿದ್ದರೆ ಮಿಕ್ಕದ್ದು ಬಹುತೇಕ ಸರಿ ಇದೆ ಎಂದರ್ಥ. ಆದೇಶ ಮೇಲೆ ಹೋಗಿ ಉತ್ತರ ಬರಲು ಕಾಲು ಸೆಕೆಂಡು. ತುರ್ತು ಬಂದರೆ ನಿಲ್ಲಿಸಲು ತಡವೇನಿಲ್ಲ. ಆದರೂ ಎಂಜಿನ್ನನ್ನು ಹೊತ್ತಿಗೆ ಸರಿಯಾಗಿ ಆರಿಸುವ ಆದೇಶಗಳು ಉಪಗ್ರಹದೊಳಗೇ ಇರುತ್ತವೆ, ಸಂಪರ್ಕ ಕಡಿದರೂ ಎಂಜಿನ್ ಉರಿಯುತ್ತಲೇ ಹೋಗಬಾರದು.

ಉರಿತ ಮುಗಿದಾಗ ಹೊಸ ಕಕ್ಷೆ 35,897 ಕಿ.ಮೀ. ಇಂಟು 7,702 ಕಿ.ಮೀ., ಓರೆ 8.9 ಡಿಗ್ರಿ, ಸುತ್ತಿಗೆ 13 ಗಂಟೆ. ಅಂದರೆ ತಳ ಏಳೂವರೆ ಸಾವಿರ ಕಿ.ಮೀ. ಮೇಲೆದ್ದಿದೆ, ಓರೆ ಅರ್ಧಕ್ಕಿಂತ ಹೆಚ್ಚು ಕರಗಿದೆ. ಖರ್ಚು ಲೆಕ್ಕದ ಪ್ರಕಾರ ಸುಮಾರು 700 ಕೆಜಿ, ಸೆಕೆಂಡಿಗೆ 140 ಗ್ರಾಂ ಚಿಲ್ಲರೆಯಂತೆ.

ಒಂದೇ ಸಲ ಎಲ್ಲವನ್ನೂ ಉರಿಸಿ ಮುಗಿಸಬಾರದೇ? ಬಾರದು. ಬೇಕಾದ ಒಟ್ಟು ಉರಿತ ಸುಮಾರು ಎರಡೂ ಮುಕ್ಕಾಲು ಗಂಟೆ. ಅಷ್ಟು ಹೊತ್ತಿಗೆ ಉಪಗ್ರಹ ಶಿಖರದಿಂದ ದೂರ ಸರಿದಿರುತ್ತದೆ, ಅಲ್ಲಿ ಉರಿಸಿದ್ದರಲ್ಲಿ ಒಂದು ಪಾಲು ವ್ಯರ್ಥ. ಇನ್ನೊಂದು ಕಾರಣ, ಮೊದಲ ಉರಿತವೇ ಎಂಜಿನ್ನಿನ ತೂಕದ ಬಟ್ಟು. ನೆಲದ ಪರೀಕ್ಷೆಯಲ್ಲಿ 440 ಎಂದದ್ದು ಅಲ್ಲಿ ನಿಜಕ್ಕೂ ಎಷ್ಟು ತಳ್ಳುತ್ತದೆ ಎಂದು ತಿಳಿದ ಮೇಲೆ ಮುಂದಿನ ಉರಿತದ ಸೆಕೆಂಡುಗಳನ್ನು ತಿದ್ದುತ್ತಾರೆ.

ಮೂರನೇ ದಿನ: ನವೆಂಬರ್ 16

13 ಗಂಟೆಯ ಸುತ್ತಿನಲ್ಲಿ ಮುಂದಿನ ಶಿಖರ 15ರ ರಾತ್ರಿ, ಮತ್ತೆ ಹಾಸನಕ್ಕೆ ಕಾಣದ ಕಡೆ. ಅದನ್ನು ಬಿಟ್ಟು ಅದರ ಮುಂದಿನದು 16ರ ಬೆಳಿಗ್ಗೆ. ಎರಡನೇ ದೊಡ್ಡ ಉರಿತಕ್ಕೆ ಅದೇ ಸರಿಯಾದ ಹೊತ್ತು. ಉಪಗ್ರಹ ಈಗ 2.7 ಟನ್ನಿಗೆ ಇಳಿದಿದೆ, ಅದೇ ಯೂರಿಯಾ ಮೂಟೆಯ ಬಲ ಇನ್ನಷ್ಟು ಚುರುಕಾಗಿ ತಳ್ಳುತ್ತದೆ. ಉಳಿದಿರುವುದು ಸೆಕೆಂಡಿಗೆ ಸುಮಾರು 1,000 ಮೀಟರ್. ಅದರ ಬಹುಪಾಲನ್ನು ಇಲ್ಲೇ ಮುಗಿಸಿ, ಕೊನೆಯ ತಿದ್ದುಪಡಿಗೆ ಸ್ವಲ್ಪ ಉಳಿಸಿಕೊಳ್ಳುತ್ತಾರೆ.

ಎರಡನೇ ಉರಿತ ಎಂದರೆ ಈ ಕೆಲಸದವರಿಗೆ ಅದೇ ವರ್ಷದ ಮಾರ್ಚ್ ನೆನಪಾಗುತ್ತದೆ. ಜಿಸ್ಯಾಟ್-6ಎ ಮಾರ್ಚ್ 29ರಂದು ಹೊರಟಿತ್ತು. 30ರ ಬೆಳಿಗ್ಗೆ ಮೊದಲ ಉರಿತ 2,188 ಸೆಕೆಂಡು, ಸರಿಯಾಯಿತು. 31ರ ಬೆಳಿಗ್ಗೆ ಎರಡನೇ ಉರಿತ ಸುಮಾರು 53 ನಿಮಿಷ, ಅದೂ ಸರಿಯಾಯಿತು. ಮೂರನೆಯದಕ್ಕೆ ಸಜ್ಜಾಗುವ ದಾರಿಯಲ್ಲಿ ಸಂಪರ್ಕ ಕಡಿಯಿತು. ಮತ್ತೆ ಸಿಗಲಿಲ್ಲ. 6 ಮೀಟರ್ ಅಗಲಕ್ಕೆ ಛತ್ರಿಯ ಹಾಗೆ ಬಿಚ್ಚಿಕೊಳ್ಳಬೇಕಿದ್ದ ಅದರ ಆಂಟೆನಾ ಮಡಚಿದ ಹಾಗೆಯೇ ಉಳಿಯಿತು. ಅದರ ಬೆನ್ನಿಗೇ, ಆಗಲೇ ಕೌರು ತಲುಪಿದ್ದ 5,854 ಕೆಜಿಯ ಜಿಸ್ಯಾಟ್-11ನ್ನು ಹೆಚ್ಚುವರಿ ಪರೀಕ್ಷೆಗೆಂದು ಬೆಂಗಳೂರಿಗೆ ವಾಪಸ್ ಕರೆಸಿದರು. ಅಷ್ಟು ದೂರ ಹೋದದ್ದನ್ನು ಹಿಂದಕ್ಕೆ ತರಿಸುವುದು ನಾಚಿಕೆಯ ಮಾತಾಗಿ ಕಂಡಿತ್ತು ಕೆಲವರಿಗೆ. ಹಾಗೇನಿಲ್ಲ. ಮೇಲೆ ಹೋದ ಮೇಲೆ ವಾಪಸ್ ಕರೆಸಲು ಬಾರದ್ದನ್ನು ಕೆಳಗಿರುವಾಗಲೇ ಕರೆಸುವುದು ಬುದ್ಧಿವಂತಿಕೆ. ಅದು ಆ ಡಿಸೆಂಬರ್ 5ರಂದು ಯುರೋಪಿನ ಏರಿಯಾನ್-5 ರಾಕೆಟ್ಟಿನಲ್ಲಿ ಹೋಗಿ ಕ್ಷೇಮವಾಗಿ ತಲುಪಿತು.

ನಾಲ್ಕನೇ ದಿನ: ಚಿಕ್ಕ ಉರಿತ, ದೊಡ್ಡ ಬೀಗ

ಮೂರನೇ ಉರಿತ ನಿಮಿಷಗಳ ಮಾತು. ಸುತ್ತಿನ ಅವಧಿಯನ್ನು 23 ಗಂಟೆ 56 ನಿಮಿಷಕ್ಕೆ ಹತ್ತಿರ ತರಬೇಕು, ಪೂರ್ತಿ ಸರಿಹೊಂದಿಸಬಾರದು. ಸರಿಹೊಂದಿಸಿದರೆ ಉಪಗ್ರಹ ಇದ್ದ ರೇಖಾಂಶದಲ್ಲೇ ನಿಂತುಬಿಡುತ್ತದೆ, 55 ಡಿಗ್ರಿಗೆ ಹೋಗಬೇಕಲ್ಲ. ಬೇಕಾದ ಎತ್ತರಕ್ಕಿಂತ 78 ಕಿ.ಮೀ. ಕೆಳಗಿದ್ದರೆ ದಿನಕ್ಕೆ 1 ಡಿಗ್ರಿ ಪೂರ್ವಕ್ಕೆ ತೇಲುತ್ತದೆ, ಮೇಲಿದ್ದರೆ ಪಶ್ಚಿಮಕ್ಕೆ. ಈ ಸಣ್ಣ ಕೊರತೆಯನ್ನು ಬೇಕೆಂದೇ ಇಟ್ಟುಕೊಳ್ಳುತ್ತಾರೆ.

ದೊಡ್ಡ ಉರಿತಗಳು ಮುಗಿದ ಮೇಲೆ ಲ್ಯಾಮ್‌ಗೆ ಶಾಶ್ವತ ರಜೆ. ಸಿಡಿಮದ್ದಿನ ಕವಾಟಗಳನ್ನು ಸಿಡಿಸಿ ಅದರ ದಾರಿಗೆ ಬೀಗ ಹಾಕುತ್ತಾರೆ. ಸೋರಿಕೆಯ ಭಯ ಒಂದು, ವರ್ಷಗಟ್ಟಲೆ ಎರಡು ದ್ರವಗಳ ಆವಿ ಒಂದೇ ಕೊಳವೆಯಲ್ಲಿ ಸಂಧಿಸಬಾರದೆಂಬ ಎಚ್ಚರಿಕೆ ಇನ್ನೊಂದು. ಮುಂದೆ ಆಯಸ್ಸಿಡೀ ದುಡಿಯುವವು 10 ಮತ್ತು 22 ನ್ಯೂಟನ್ನಿನ ಪುಟ್ಟ ಥ್ರಸ್ಟರುಗಳು.

ಆಂಟೆನಾ ತಟ್ಟೆಗಳನ್ನು ಬಿಚ್ಚುವುದೂ ಈ ಘಟ್ಟದಲ್ಲೇ. ಮೊದಲೇ ಬಿಚ್ಚಿದರೆ ಲ್ಯಾಮ್ ಉರಿಯುವಾಗ ಅಲುಗಾಡುತ್ತವೆ. ಆಮೇಲೆ ಉಪಗ್ರಹ ಭೂಮಿಯತ್ತ ಮುಖ ಮಾಡಿ ನಿಲ್ಲುತ್ತದೆ. ಸ್ಥಿರವಾಗಿ ಹಿಡಿಯುವ ಕೆಲಸವನ್ನು ತಿರುಗುವ ಚಕ್ರಗಳಿಗೆ ವಹಿಸುತ್ತಾರೆ. ಇದರಲ್ಲಿ ನೋಡಲು ರೋಚಕವಾದದ್ದು ಕಡಿಮೆ. ಆದರೆ ಸಂವೇದಕ ಭೂಮಿಯ ಅಂಚನ್ನು ಹುಡುಕುವಾಗ ಚಂದ್ರನೋ ಸೂರ್ಯನೋ ಅಡ್ಡ ಬಂದರೆ ಮೋಸ ಹೋಗುವ ಸಾಧ್ಯತೆ ಇದ್ದೇ ಇದೆ. ಹಾಗಾಗಿ ಅವು ಎದುರಿಗೆ ಬರುವ ಹೊತ್ತನ್ನು ಮುಂಚೆಯೇ ಪಟ್ಟಿ ಮಾಡಿಟ್ಟಿರುತ್ತಾರೆ.

ಐದನೇ ದಿನದಿಂದ: ತೇಲುತ್ತ, ನಿಲ್ಲುತ್ತ

ಈಗಿನ ದಿನಗಳು ನಿಧಾನ. ಉಪಗ್ರಹ ದಿನಕ್ಕಿಷ್ಟು ಡಿಗ್ರಿಯಂತೆ ತೇಲುತ್ತ 55ರತ್ತ ಬರುತ್ತದೆ, ಹತ್ತಿರವಾದಂತೆ ಪುಟ್ಟ ಥ್ರಸ್ಟರುಗಳಿಂದ ಬ್ರೇಕು. ಭೂಸ್ಥಿರ ಕಕ್ಷೆಯಲ್ಲಿ ಒಂದು ಡಿಗ್ರಿ ಎಂದರೆ 736 ಕಿ.ಮೀ. ಉಪಗ್ರಹ ತನ್ನ ಜಾಗದ ಎರಡೂ ಬದಿ 0.1 ಡಿಗ್ರಿಯೊಳಗೆ ಇರಬೇಕು, ಅಂದರೆ ಸುಮಾರು 150 ಕಿ.ಮೀ. ಅಗಲದ ಅಂಗಳ. ಆ ಅಂಗಳದಲ್ಲಿ ಜಿಸ್ಯಾಟ್-8, ಜಿಸ್ಯಾಟ್-16 ಮೊದಲೇ ಮನೆ ಮಾಡಿದ್ದವು. ಡಿಕ್ಕಿಯಾಗದಂತೆ ಒಂದೊಂದರ ಕಕ್ಷೆಯ ಓರೆ ಮತ್ತು ಮೊಟ್ಟೆತನವನ್ನು ಕೂದಲೆಳೆಯಷ್ಟು ಬೇರೆ ಮಾಡಿಡುತ್ತಾರೆ. ಒಂದು ಮೇಲಿದ್ದಾಗ ಇನ್ನೊಂದು ಕೆಳಗೆ ಇರುವ ಹಾಗೆ, ಒಂದೇ ಮನೆಯಲ್ಲಿ ಪಾಳಿ ಹಂಚಿಕೊಂಡ ಹಾಗೆ.

ಭೂಮಿ ಪೂರ್ತಿ ಗುಂಡಗಿಲ್ಲ, ಸಮಭಾಜಕವೂ ತುಸು ಅಂಡಾಕಾರ. ಅದರ ಸೆಳೆತಕ್ಕೆ ಭೂಸ್ಥಿರ ಉಪಗ್ರಹಗಳು ಮೆಲ್ಲಗೆ ಜಾರುವ ಎರಡು ತಗ್ಗುಗಳಿವೆ. ಒಂದು 75 ಡಿಗ್ರಿ ಪೂರ್ವದಲ್ಲಿ, ಇನ್ನೊಂದು 105 ಡಿಗ್ರಿ ಪಶ್ಚಿಮದಲ್ಲಿ. 55ರಲ್ಲಿ ನಿಂತದ್ದು ಪೂರ್ವಕ್ಕೆ, 75ರ ಕಡೆಗೆ, ಜಾರಲು ನೋಡುತ್ತಲೇ ಇರುತ್ತದೆ. ಹಾಸನವಿರುವುದೂ 76ರಲ್ಲಿ! ಜಾರಿದ್ದನ್ನು ಆಗಾಗ ಹಿಂದಕ್ಕೆ ದೂಡಬೇಕು. ಇದಕ್ಕೆ ಬೇಕಾಗುವ ಬುತ್ತಿ ಅಲ್ಪ. ದುಬಾರಿಯಾದದ್ದು ಮೊದಲೇ ಹೇಳಿದ ಉತ್ತರ-ದಕ್ಷಿಣದ ತಿದ್ದುಪಡಿ.

ತಾಣ ಸೇರಿದ ಕೂಡಲೇ ಟ್ರಾನ್ಸ್‌ಪಾಂಡರ್ ಹಾಕುವುದಿಲ್ಲ. ನೆಲದಲ್ಲಿ ಹೀರಿಕೊಂಡ ತೇವ, ಅಂಟುಗಳ ಆವಿ ನಿರ್ವಾತದಲ್ಲಿ ನಿಧಾನಕ್ಕೆ ಹೊರಬರುತ್ತಿರುತ್ತವೆ. ಅನಿಲದ ಸುಳಿವು ಉಳಿದಿರುವಾಗ ಹೆಚ್ಚು ವೋಲ್ಟೇಜಿನ ಆಂಪ್ಲಿಫೈಯರ್ ಕೊಳವೆಗಳನ್ನು ಚಾಲೂ ಮಾಡಿದರೆ ಒಳಗೆ ಮಿಂಚು ಹೊಡೆದು ಸುಟ್ಟುಹೋಗಬಹುದು. ದಿನಗಟ್ಟಲೆ ಒಣಗಲು ಬಿಟ್ಟು, ಮೊದಲು ಬರೀ ತಂತು ಬಿಸಿ ಮಾಡಿ, ಆಮೇಲೆ ಒಂದೊಂದಾಗಿ ಹಾಕುತ್ತಾರೆ. ನಂತರ ಕಕ್ಷೆಯ ಪರೀಕ್ಷೆಗಳು: ಎಷ್ಟು ಬಲದಲ್ಲಿ ಬೀರುತ್ತದೆ, ಎಷ್ಟು ಕ್ಷೀಣ ಸಂಕೇತವನ್ನು ಕೇಳಿಸಿಕೊಳ್ಳುತ್ತದೆ, ಬ್ಯಾಂಡಿನ ಅಂಚುಗಳಲ್ಲಿ ಹೇಗೆ ವರ್ತಿಸುತ್ತದೆ. ಕಿರಣದ ಅಂಚು ಎಲ್ಲಿ ಬೀಳುತ್ತದೆ ಎಂದು ತಿಳಿಯಲು ನೆಲದ ಡಿಶ್ಶನ್ನು ಊರೂರಿಗೆ ಒಯ್ಯುವುದಿಲ್ಲ. ಡಿಶ್ಶು ಇದ್ದಲ್ಲೇ ಇರುತ್ತದೆ, ಉಪಗ್ರಹವನ್ನೇ ಚೂರುಚೂರು ವಾಲಿಸುತ್ತಾರೆ. ಕಿರಣ ಡಿಶ್ಶಿನ ಮೇಲೆ ಹಾದುಹೋಗುವಾಗ ಸಂಕೇತ ಏರಿ ಇಳಿಯುವುದನ್ನು ಬರೆದುಕೊಂಡರೆ ಬೆಂಗಳೂರಿನ ಕೋಣೆಯಲ್ಲಿ ಅಳೆದ ನಕ್ಷೆಯ ಜೊತೆ ತಾಳೆ ನೋಡಬಹುದು. ತಾಳೆಯಾಗದಿದ್ದರೆ ತಟ್ಟೆ ಪೂರ್ತಿ ಬಿಚ್ಚಿಕೊಂಡಿಲ್ಲ, ಇಲ್ಲವೇ ಮುಖ ಕೊಂಚ ತಪ್ಪಿದೆ.

ಇಷ್ಟಾದ ಮೇಲೆ ಸರದಿ ನೆಲದವರದು. 55 ಡಿಗ್ರಿ ಪೂರ್ವಕ್ಕೆ ಶ್ರೀನಗರದಲ್ಲಿ ಡಿಶ್ಶನ್ನು ದಕ್ಷಿಣದಿಂದ 33 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿ 45 ಡಿಗ್ರಿ ಎತ್ತಬೇಕು. ಗುವಾಹಟಿಯಲ್ಲಿ ಎತ್ತಬೇಕಾದದ್ದು 39 ಡಿಗ್ರಿ. ಹಾಸನದಲ್ಲಿ 61.